ಪಲ್ಲ ಎತ್ತಿಕೊಳ್ಳುವವನು

ಶ್ರೀಗುರುವೇ ಗತಿ. ನಾದಕ್ಕೆ ಆದಿಯೂ ಅಂತ್ಯವೂ ಆದ ನಿಶ್ಶಬ್ದಕ್ಕೆ ಶರಣು.

ಸ್ವಸ್ತಿ ಶ್ರೀ ಶಾಲಿವಾಹನ ಶಕ ೧೯೪೭, ವಿಶ್ವಾವಸು ಸಂವತ್ಸರ, ಉತ್ತರಾಯಣ, ವಸಂತ ಋತು, ಚೈತ್ರ ಶುದ್ಧ ದಶಮಿ, ಸೋಮವಾರ. ಇಂಗ್ಲಿಷ್ ತಾರೀಖು ೭ ಏಪ್ರಿಲ್ ೨೦೨೫. ವಿಜಯಪುರ. ಸಂಜೆ, ಭಜನೆಯ ತರುವಾಯ.

ಗುಡಿಯ ಕಸ ತೆಗೆದದ್ದಾಯಿತು. ದೀಪಕ್ಕೆ ಎಣ್ಣೆ. ಚಾಪೆ ಎರಡು ಹಾಸಿದೆ. ಒಂದು ನನ್ನದು, ಒಂದು ಸೈಫುದ್ದೀನನದು. ಅವನ ಚಾಪೆಯ ಮುಂದೆ ತಬಲಾ, ಅದರ ಜೋಡಿ ಡಗ್ಗಾ ಇರಿಸಿ ಮುಸುಕು ತೆಗೆದೆ. ನುಡಿಸುವವನು ತಿಕೋಟಾದ ತನ್ನ ಮನೆಯಲ್ಲಿ, ಮಂಚದ ಮೇಲೆ. ಆದರೂ ಮುಸುಕು ತೆಗೆಯದೆ ಮನಸ್ಸು ಒಪ್ಪದು.

ಪಲ್ಲ, ಅಂದರೆ ಹಾಡಿನ ಪಲ್ಲವಿ, ಇಟ್ಟೆ—

ಎಣ್ಣೆ ನಿನ್ನದು ಗುರುವೇ, ಬತ್ತಿ ನನ್ನದು.

ಆಮೇಲೆ ಸುಮ್ಮನಾದೆ. ಅಷ್ಟೇ ಹೊತ್ತು, ಅದೇ ಸಾಲನ್ನು ಮತ್ತೊಬ್ಬನು ಹಾಡಿ ಮುಗಿಸಲು ಬೇಕಾಗುವಷ್ಟು ಹೊತ್ತು, ತಾಳವನ್ನು ಮಡಿಲಲ್ಲಿ ಹಿಡಿದು ಕುಳಿತೆ. ನಂತರ ನುಡಿಗೆ, ಹಾಡಿನ ಚರಣಕ್ಕೆ, ಹೋದೆ. ನುಡಿ ಮುಗಿದು ಮತ್ತೆ ಪಲ್ಲ. ಮತ್ತೆ ಮೌನ.

ಗುರುಗಳ ಆಜ್ಞೆ ಅದು. ಪಲ್ಲವನ್ನು ಒಬ್ಬನು ಇಡಬೇಕು, ಮತ್ತೊಬ್ಬನು ಎತ್ತಿಕೊಳ್ಳಬೇಕು. ತಾನಿಟ್ಟದ್ದನ್ನು ತಾನೇ ಎತ್ತಿಕೊಳ್ಳುವವನು ದೇವರ ಮುಂದೆ ಎಡೆ ಇಟ್ಟು ಗಂಟೆ ಬಾರಿಸುವ ಮೊದಲೇ ಉಂಡವನಂತೆ. ನಮ್ಮ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು, ತಾಳ ಹಿಡಿಯುತ್ತಿದ್ದವರು ಒಬ್ಬೊಬ್ಬರಾಗಿ ಲಿಂಗೈಕ್ಯರಾದರು. ಇಡುವವನಾಗಿ ನಾನು, ಎತ್ತಿಕೊಳ್ಳುವವನಾಗಿ ಸೈಫುದ್ದೀನ—ಇಬ್ಬರೇ ಉಳಿದೆವು. ಮಾಘದಲ್ಲಿ ಅವನಿಗೆ ಗಂಟಲಿನ ಆಪರೇಷನ್ ಆಯಿತು. ದನಿಪೆಟ್ಟಿಗೆಯನ್ನು ತೆಗೆದುಹಾಕಿದರು.

ದೀಪದ ಬಳಿ ಮುದುಕವ್ವ ಬಂದು ನಿಂತಳು. ಗುಡಿಯ ಅಂಗಳ ಸಾರಿಸುವವಳು, ಓಣಿಗೆಲ್ಲ ಹಿರಿಯಳು.

"ಏನ್ರಿ ಅಯ್ಯಾರ, ಹಾಡ ಮರ್ತ್ರೇನು? ನಡಬರಕ ಬಾಯಿ ಮುಚ್ಚಿ ಕುಂತ್ರಿ. ಎದ್ಯಾಗ ಏನರ ಆತೇನೋ ಅಂತ ಸೆಗಣಿ ಕೈಲೇನ ಓಡಿ ಬಂದೆ."

"ಮರ್ತಿಲ್ಲ ಬೇ. ಅದು ಸೈಫುದ್ದೀನನ ಪಾಳಿ."

"ಅಂವ ಅಲ್ಲಿ ತಿಕೋಟಾದಾಗ ಅದಾನ, ನೀವು ಇಲ್ಲಿ ಅವನ ಪಾಳಿ ಕಾಯಾಕತ್ತೀರಿ. ನಾನ ಎತ್ತಕೊಂಡ್ರ ಏನ್ ಗಂಟ ಹೋಗತೈತ್ರಿ? ನನ್ನ ದನಿ ಕಾಗಿಯಂಗ ಐತಿ, ಖರೆ. ಕಾಗೀನೂ ಆ ಶಿವನ ಮಾಡ್ಯಾನಲ್ಲ?"

ನಕ್ಕೆ. ಆದರೆ ಬೇಡವೆಂದೆ. ಆ ಸ್ಥಾನ ಖಾಲಿಯಲ್ಲ. ಸೈಫುದ್ದೀನ ಬದುಕಿರುವವರೆಗೆ ಅದು ಸೈಫುದ್ದೀನನದು. ಮುದುಕವ್ವನಿಗೆ ಅದು ಅರ್ಥವಾಯಿತೋ ಇಲ್ಲವೋ. "ಆತ್ರಿ, ಕಾಯ್ರಿ" ಎಂದು ಹೋದಳು.

೮ ಏಪ್ರಿಲ್, ಮುಂಜಾನೆ

ನಿದ್ರೆ ಬರಲಿಲ್ಲ. ಪೂಜೆ ಮುಗಿಸಿ ಬರೆಯುತ್ತಿದ್ದೇನೆ.

ಸೈಫುದ್ದೀನ ಜೊತೆಯಾದಾಗ ನಾನು ಪಾಠಶಾಲೆಯಲ್ಲಿ ಹಳಗನ್ನಡ ಓದಿಸುತ್ತಿದ್ದ ತರುಣ. ಅವನು ತಿಕೋಟಾದ ಉಸ್ತಾದರೊಬ್ಬರ ಕಡೆಯ ಶಿಷ್ಯ. ಗುರುಗಳು ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿ, "ಇವನು ಇಡಲಿ, ನೀನು ಎತ್ತಿಕೋ" ಎಂದರು. ಅಷ್ಟೇ ದೀಕ್ಷೆ. ಬಾರಿಸುವ ಕಲೆಯ ವಿಷಯದಲ್ಲಿ ಅವನಿಗೆ ಅವರು ಹೇಳಿದ ಮಾತು ಒಂದೇ—ಪೆಟ್ಟು ಎಲ್ಲರಿಗೂ ಬರುತ್ತದೆ, ಪೆಟ್ಟು ಹಾಕಿದ ಮೇಲೆ ಕೈಯನ್ನು ಎತ್ತುವಾಗ ಮನಸ್ಸು ಎಲ್ಲಿರುತ್ತದೆಯೋ ಅದೇ ಜಪ. ಸೈಫುದ್ದೀನ ಅದನ್ನು ಹಿಡಿದುಕೊಂಡ. ನಮಾಜಿಗೆ ತೊಳೆಯುವಂತೆ ಕೈ, ಮುಖ, ಪಾದಗಳನ್ನು ತೊಳೆದೇ ತಬಲಾ ಮುಟ್ಟುತ್ತಿದ್ದ. ಒಮ್ಮೆಯೂ ತೊಳೆಯದೆ ಮುಟ್ಟಿದ್ದನ್ನು ಕಾಣೆ.

ಆಪರೇಷನ್ ಆದ ಮೇಲೆ ಸೊಲ್ಲಾಪುರದ ಆಸ್ಪತ್ರೆಗೆ ಹೋಗಿದ್ದೆ. ಕೊರಳಲ್ಲಿ ರಂಧ್ರ, ಅದರ ಮೇಲೊಂದು ಬಿಳಿಯ ಬಟ್ಟೆ. ಉಸಿರು ಅಲ್ಲಿಂದಲೇ. ನನ್ನನ್ನು ಕಂಡು ಗೋಡೆಯ ಕಡೆ ತಿರುಗಿದ. ಅಂದಿನಿಂದ ನನ್ನನ್ನು ಹತ್ತಿರ ಬರಗೊಟ್ಟಿಲ್ಲ. ಫೋನ್ ಮಾಡಿದರೆ ಸೊಸೆ ತರನ್ನುಮ ಎತ್ತುತ್ತಾಳೆ.

"ಮಲಗ್ಯಾರ ಅಜ್ಜಾರ."

"ಎಚ್ಚರಾದಾಗ ಹೇಳವ್ವ."

"ಹೇಳ್ತೀನ್ರಿ."

ಯಾವ ಹೊತ್ತಿನಲ್ಲಿ ಮಾಡಿದರೂ ಮಲಗಿರುತ್ತಾನೆ.

೧೪ ಏಪ್ರಿಲ್, ಸೋಮವಾರ. ಸಂಜೆ

ಇಂದು ಮಾಡಬಾರದ್ದನ್ನು ಮಾಡಿದೆ.

ಪಕ್ಕದ ಮನೆಯ ಸಂಗು—ತಿಕೋಟಾ ಸಂತೆಗೆ ಟೆಂಪೊದಲ್ಲಿ ಕಾಯಿಪಲ್ಲೆ ಸಾಗಿಸುವವನು—ಮೊಬೈಲ್ ಹಿಡಿದು ಬಂದ.

"ಅಜ್ಜಾರ, ಹ್ವಾದ ವರ್ಷ ಹುಣ್ಣಿಮಿ ಭಜನಿ ನಾ ರೆಕಾರ್ಡ್ ಮಾಡೇನ್ರಿ. ಸೈಫಜ್ಜನ ದನಿ ಇದರಾಗ ಗಚ್ಚ ಐತಿ. ನೀವು ಪಲ್ಲ ಅನ್ರಿ, ನಾ ಬಟನ್ ಒತ್ತತೀನಿ. ಹೊಂದತೈತಿ."

ಬೇಡವೆನ್ನುವ ಬಲ ಬರಲಿಲ್ಲ. ಆ ದನಿ ಕೇಳಿ ಎಷ್ಟು ಕಾಲವಾಯಿತು! ಪಲ್ಲ ಇಟ್ಟೆ. ಸಂಗು ಒತ್ತಿದ.

ಬಂತು. ಒರಟಾದ, ಸ್ವಲ್ಪ ಮೂಗಿನ, ಕೊನೆಯ ಅಕ್ಷರವನ್ನು ನೆಲಕ್ಕೆ ಮೆಲ್ಲನೆ ಇಳಿಸುವ ಆ ದನಿ. ಆದರೆ ಅದು ಹೋದ ವರ್ಷದ ನನ್ನನ್ನು ಕೇಳಿ ಬಂದ ದನಿ. ಈ ವರ್ಷ ನನ್ನ ಉಸಿರು ಗಿಡ್ಡ, ನಡಿಗೆ ನಿಧಾನ. ಅದು ನನ್ನನ್ನು ಕಾಯಲಿಲ್ಲ. ನಾನು ಎರಡನೆಯ ನುಡಿಗೆ ಬಾಯಿ ತೆರೆಯುವಷ್ಟರಲ್ಲಿ ಮೊಬೈಲಿನಲ್ಲಿ ನಾನೇ ಮೂರನೆಯ ನುಡಿ ಹಾಡುತ್ತಿದ್ದೆ.

"ನಿಂದರಸ್ಲಿರಿ?" ಎಂದ ಸಂಗು.

"ಬಂದ ಮಾಡಪ್ಪ" ಎಂದೆ.

ಅವನು ಮುಖ ಸಣ್ಣ ಮಾಡಿಕೊಂಡ. ಬೆನ್ನು ಸವರಿ ಕಳುಹಿಸಿದೆ. ಅವನದೇನೂ ತಪ್ಪಿಲ್ಲ. ಬದುಕಿರುವ ಮನುಷ್ಯನನ್ನು ಬಿಟ್ಟು ಅವನ ನೆರಳಿಗೆ ಎಡೆ ಇಟ್ಟವನು ನಾನು.

೧೬ ಏಪ್ರಿಲ್, ಬುಧವಾರ. ಮಧ್ಯಾಹ್ನ

ಒಂದು ವಿಚಾರ ಹೊಳೆದಿದೆ. ಗುರುಕೃಪೆ ಎನ್ನಲೇ?

ಅವನ ದನಿ ಹೋಗಿದೆ, ಕೈ ಹೋಗಿಲ್ಲ. ಕೈಗಳು ಅಲ್ಲಿ ಹಾಸಿಗೆಯ ಮೇಲೆ, ತಬಲಾ ಇಲ್ಲಿ ಚಾಪೆಯ ಮುಂದೆ. ನಾನು ಕರೆದರೆ ಬಾರನು. ತಬಲಾ ಕರೆದರೆ? ಕಣ್ಣ ಮುಂದೆ ಇದ್ದರೆ ಒಂದಲ್ಲ ಒಂದು ದಿನ ಬೆರಳು ಹೋದೀತು. ಸಂಗು ನಾಳೆ ತಿಕೋಟಾಕ್ಕೆ ಹೊರಡುತ್ತಾನೆ. ಅವನ ಕೈಯಲ್ಲಿ ಕಳುಹಿಸುವುದೆಂದು ನಿಶ್ಚಯಿಸಿದೆ.

ಬಿಸಿಲು ಉರಿಯುತ್ತಿದೆ. ಬಿಗಿದ ಚರ್ಮ ಟೆಂಪೊದ ತಗಡಿನ ಮೇಲೆ ಕಾದರೆ ಬಿರಿಯುತ್ತದೆಂದು ಸೈಫುದ್ದೀನನೇ ಹಿಂದೆ ಹೇಳಿದ್ದುಂಟು. ಆದ್ದರಿಂದ ತಬಲಾದ ಚರ್ಮದ ಬಾರುಗಳ ಅಡಿಯ ಮರದ ಗುಟ್ಟಿಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸಿ, ಬಿಗಿ ಇಳಿಸಿದೆ. ಬೆರಳಿಟ್ಟರೆ ಚರ್ಮ ಮಡಿಯುವಷ್ಟು ಸಡಿಲ. ಧೂಳು ತಾಗದಿರಲೆಂದು ಹೊಸ ಬಿಳಿಯ ಪಂಚೆಯೊಂದನ್ನು ಹರಿದು ಎರಡಕ್ಕೂ ಸುತ್ತಿದೆ. ಅವನ ಪುಟ್ಟ ಸುತ್ತಿಗೆಯನ್ನೂ ಗಂಟಿನಲ್ಲಿಟ್ಟೆ. ಬೆಳಗಿನ ಪೂಜೆಯ ಮಲ್ಲಿಗೆ ಉಳಿದಿತ್ತು. ಗಂಟಿನ ಮೇಲೆ ಇಟ್ಟೆ. ಬರಿಗೈಯಲ್ಲಿ ಹೇಗೆ ಕಳುಹಿಸುವುದು?

ಗುಡಿ ಈಗ ಬೋಳಾಗಿ ಕಾಣುತ್ತದೆ. ಪರವಾಗಿಲ್ಲ. ಒಳ್ಳೆಯದಕ್ಕೇ ಬೋಳಾಗಿದೆ.

೧೮ ಏಪ್ರಿಲ್

ಸಂಗು ನಿನ್ನೆ ತಲುಪಿಸಿ ಬಂದ. ಇಂದು ಕಂಡ.

"ಮುಟ್ಟಿಸೀನ್ರಿ. ಆದ್ರ ಚಾ ಅಲ್ಲ, ನೀರ ಸೈತ ಕೇಳ್ಲಿಲ್ಲ ನೋಡ್ರಿ! ಗುಲಶನ ಅಜ್ಜಿ ಗಂಟ ನೋಡಿದಾಕಿನ ಬಾಯಿಗೆ ಸೆರಗ ಒತ್ತಕೊಂಡು ಗ್ವಾಡಿಗೆ ಆನಿಕೊಂಡ್ಳು. ಸೈಫಜ್ಜ ಎದ್ದ ಕುಂತ, ಗಂಟ ನೋಡಿದ, ಮತ್ತ ಮಕ್ಕೊಂಡ."

"ಅತ್ತಳೇನು ಆಕಿ?"

"ಅತ್ತಳ ಅನ್ರಿ."

ಆನಂದಬಾಷ್ಪವಿರಬೇಕು. ಗಂಡನ ತಬಲಾ ಮನೆಗೆ ಬಂದರೆ ಯಾವ ಹೆಂಡತಿ ಅಳುವುದಿಲ್ಲ? ನನ್ನ ಕಣ್ಣೂ ಒದ್ದೆಯಾಯಿತು. ಬಹು ದಿನಗಳ ಮೇಲೆ ರೊಟ್ಟಿ ರುಚಿಸಿತು.

೨೧ ಏಪ್ರಿಲ್, ಚೈತ್ರ ಬಹುಳ ಅಷ್ಟಮಿ, ಸೋಮವಾರ

ಚಾಪೆ ಎರಡು. ಬಾಗಿಲಿನ ಕಡೆ ಮುಖ ಮಾಡಿ ಕುಳಿತೆ, ಪದ್ಧತಿಗೆ ವಿರುದ್ಧವಾಗಿ. ಬಸ್ ಸ್ಟ್ಯಾಂಡಿನಿಂದ ಬರುವ ಪ್ರತಿ ಆಟೋದ ಸದ್ದಿಗೂ ಕಿವಿ ಹೋಯಿತು.

ಫೋನ್ ಮಾಡಿದೆ. ರಿಂಗ್ ಆಗಿ ಕಡಿಯಿತು. ಮತ್ತೆ ಮಾಡಿದೆ. ಸ್ವಿಚ್ ಆಫ್.

ಚಾರ್ಜ್ ಇರಲಿಕ್ಕಿಲ್ಲ.

೨೪ ಏಪ್ರಿಲ್

ಸ್ವಿಚ್ ಆಫ್.

೨೭ ಏಪ್ರಿಲ್, ಅಮಾವಾಸ್ಯೆ, ರವಿವಾರ. ತಿಕೋಟಾದಿಂದ ಮರಳಿ

ಬರೆಯಲು ಕೈ ಏಳದು. ಆದರೂ ಬರೆಯಬೇಕು.

ಮುಂಜಾನೆಯ ಬಸ್ಸಿಗೆ ಹೋದೆ. ಮನೆ ಬಾಗಿಲು ಅರ್ಧ ತೆರೆದಿತ್ತು. ಗುಲಶನ ಹೊಸ್ತಿಲಲ್ಲೇ ತಡೆದಳು. ಎಂದೂ "ಬರ್ರಿ ಅಯ್ಯಾರ" ಎನ್ನದೆ ಇದ್ದವಳಲ್ಲ.

"ಈಗ ಯಾಕ ಬಂದೀರಿ? ಮಣ್ಣ ಕೊಡಾಕೇನು? ಇನ್ನಾ ಉಸರ ಐತ್ರಿ ನನ್ನ ಗಂಡಗ. ತೂತಿನಾಗ ಆಡತೈತಿ, ಆದ್ರ ಐತಿ."

ದಿಗ್ಭ್ರಮೆಯಾಯಿತು. "ಹಿಂಗ್ಯಾಕ ಅಂತಿ ಗುಲಶನ? ನಾ ಏನ್ ಮಾಡೇನಿ?"

"ಏನ್ ಮಾಡೇನಿ ಅಂತ ಕೇಳ್ತೀರಿ! ಬಿಗಿ ಇಳಿಸಿ, ಬಿಳಿ ಅರಬಿ ಸುತ್ತಿ, ಮ್ಯಾಲ ಹೂ ಇಟ್ಟ ಕಳಿಸೀರಿ. ಇವರ ಉಸ್ತಾದರು ತೀರಿಕೊಂಡಾಗ ಅವರ ತಬಲಾ ಹಿಂಗ ಬಂದಿತ್ತರಿ ಮನಿಗೆ, ಮೈಯತ್ ಎತ್ತೂಕಿಂತ ಮದಲ. ಇದ ಬಿಳಿ ಅರಬಿ, ಇದ ಹೂ. ಜೋಡಿ ಹಾಡಾಂವ ಬಿಗಿ ಇಳಿಸಿ ಕಳಿಸಬೇಕು, ನಿನ್ನ ಜಾಗಾ ಇಲ್ಲಿಗೆ ತೀರ್ತು, ಇನ್ನ ನೀ ನಿಶ್ಚಿಂತಿಲೇ ಹೋಗು ಅಂತ. ತಿಕೋಟಾದ ತಬಲಾದವರ ರೂಢಿ ಇದು. ನೀವು ಓದಿದವರು, ತಿಳೀದ ಮಾಡೀರಿ ಅಂತ ಹ್ಯಾಂಗ ಅನ್ಲಿ?"

ನನಗೆ ತಿಳಿದಿರಲಿಲ್ಲ. ಶಪಥ ಮಾಡಿ ಹೇಳುತ್ತೇನೆ, ತಿಳಿದಿರಲಿಲ್ಲ. ನಮ್ಮ ಮೇಳದಲ್ಲಿ ತಬಲಾದವನು ಎಂದೂ ಸತ್ತಿರಲಿಲ್ಲ. ತಬಲಾದವನು ಅವನೊಬ್ಬನೇ.

ಬಿಸಿಲಿಗೆ ಬಿರಿಯಬಾರದೆಂದು ಇಳಿಸಿದೆನೆಂದೆ. ಧೂಳಿಗೆ ಬಟ್ಟೆ ಎಂದೆ. ಹೂವು ಪೂಜೆಯದೆಂದೆ. ನನ್ನ ಒಂದೊಂದು ಅಕ್ಕರೆಯೂ ಅವಳ ಮುಂದೆ ಸುಳ್ಳಿನಂತೆ ಕೇಳಿಸಿತು. ನನಗೇ ಹಾಗೆ ಕೇಳಿಸಿತು.

ತರನ್ನುಮ ಒಳಗಿನಿಂದ ಬಂದು ಮೆಲುದನಿಯಲ್ಲಿ ಹೇಳಿದಳು. "ಅವತ್ತಿಂದ ಗಂಜಿನೂ ಸೇರವಲ್ದು ಅಜ್ಜಾರ. ಗುಳಿಗಿ ಕೊಟ್ರ ಗ್ವಾಡಿ ಕಡೆ ಹೊಳ್ಳತಾರ. ನಾವ ಬಾಯಾಗ ಚಮಚದಲೆ ನೀರ ಬಿಡಾಕತ್ತೇವಿ. ಹಿಂಗ ಆದ್ರ ಭಾಳ ದಿನ ತಡ್ಯಾಂಗಿಲ್ಲ ಅಂತ ಡಾಕ್ಟರ್ ಅಂದಾರ್ರಿ."

"ಒಮ್ಮೆ ನೋಡ್ತೀನವ್ವ."

ಅವಳು ಕೇಳಿಬರಲು ಹೋದಳು. ಸ್ಲೇಟು ಹಿಡಿದು ಬಂದಳು. ಮಾತು ಹೋದ ಮೇಲೆ ಅವನು ಬರೆಯುವುದು ಅದರ ಮೇಲೆ. ದೊಡ್ಡ, ಓರೆಯಾದ ಅಕ್ಷರ.

ಅಯ್ಯಾರು ಕಳಿಸ್ಯಾರ. ನಾ ಹೋಗತೇನಿ.

ಅವನಿಗೆ ಸಿಟ್ಟಿಲ್ಲ. ಅದೇ ನನ್ನನ್ನು ಕೊಂದದ್ದು. ನಾನು ಅಪ್ಪಣೆ ಕೊಟ್ಟೆನೆಂದು ತಿಳಿದಿದ್ದಾನೆ, ನನ್ನ ಅಪ್ಪಣೆಯನ್ನು ಪಾಲಿಸುತ್ತಿದ್ದಾನೆ. ಗುರುಗಳ ಮಾತನ್ನು ಪಾಲಿಸಿದ ಹಾಗೆಯೇ.

ಗುಲಶನ ಬಾಗಿಲು ಹಾಕಿಕೊಂಡಳು. ಒದರಾಡಲಿಲ್ಲ. ಮೆಲ್ಲಗೆ ಹಾಕಿಕೊಂಡಳು.

೨೮ ಏಪ್ರಿಲ್, ಸೋಮವಾರ

ದೀಪ ಹಚ್ಚಿದೆ. ಚಾಪೆ ಹಾಸಲಿಲ್ಲ. ಪಲ್ಲ ಇಡಲಿಲ್ಲ.

ಮುದುಕವ್ವ ಬಾಗಿಲಲ್ಲಿ ಕುಳಿತು ಹತ್ತಿಬತ್ತಿ ಹೊಸೆದಳು. ಅವಳಿಗೆ ಎಲ್ಲ ಹೇಳಿದೆ. ಬತ್ತಿ ಕೆಳಗಿಟ್ಟು, "ತಿರುವಿ ಹಾಕೂದ ಇರತೈತೇನ್ರಿ ಇಂಥಾದ್ದು?" ಎಂದಳು.

ಅದೇ ನನ್ನ ಪ್ರಶ್ನೆಯೂ. ಕಳುಹಿಸುವುದಕ್ಕೆ ವಿಧಿಯಿದೆ. ಕಳುಹಿಸಿದ್ದನ್ನು ಹಿಂದಕ್ಕೆ ಕರೆಯುವುದಕ್ಕೆ ವಿಧಿಯಿಲ್ಲ. ಇದುವರೆಗೆ ಅದು ಬೇಕಾದವರು ಯಾರೂ ಇರಲಿಲ್ಲ. ಧರ್ಮಗ್ರಂಥಗಳನ್ನು ತೆಗೆದು ಕುಳಿತೆ. ಪ್ರಾಯಶ್ಚಿತ್ತಗಳುಂಟು: ಗೋವು, ಜಲ, ಉಪವಾಸ. ಮಿತ್ರನನ್ನು ಜೀವಂತ ಬೀಳ್ಕೊಟ್ಟವನಿಗೆ ಒಂದೂ ಇಲ್ಲ. ಮುಚ್ಚಿಟ್ಟೆ.

೩೦ ಏಪ್ರಿಲ್, ವೈಶಾಖ ಶುದ್ಧ ತದಿಗೆ

ಊರಲ್ಲೆಲ್ಲ ಬಸವ ಜಯಂತಿಯ ಮೆರವಣಿಗೆ. ಡೊಳ್ಳು, ಹಲಗೆ, ಡಿಜೆ. ಇಷ್ಟು ಬಡಿತದಲ್ಲಿ ನನಗೆ ಬೇಕಾದ ಒಂದು ಪೆಟ್ಟಿಲ್ಲ.

ಜ್ವರ. ಮುದುಕವ್ವ ಗಂಜಿ ತಂದಳು. ಅಲ್ಲಿ ಅವನು ಉಣ್ಣದಿರುವಾಗ ನನಗೆ ಇಳಿಯಲಿಲ್ಲ. "ಇಬ್ಬರೂ ಕೂಡಿ ಸಾಯ್ರಿ, ಜೋಡಿ ಹೊಂದತೈತಿ" ಎಂದು ಬೈದು, ಬಟ್ಟಲನ್ನು ಅಲ್ಲೇ ಬಿಟ್ಟು ಹೋದಳು. ಅವಳು ಹೋದ ಮೇಲೆ ಕುಡಿದೆ.

೬ ಮೇ, ಮಂಗಳವಾರ. ಮುಂಜಾನೆ

ನಿನ್ನೆಯದನ್ನು ಈಗ ಬರೆಯುತ್ತೇನೆ. ನಿನ್ನೆ ಬೆರಳು ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಜ್ವರ ಬಿಟ್ಟ ಕೂಡಲೇ ಒಂದು ಸ್ಪಷ್ಟವಾಯಿತು. ಮಾತಿನಿಂದ ಆಗದು. ಕಳುಹಿಸಿದ್ದು ಮಾತಿನಿಂದಲ್ಲ. ಬಿಗಿ ಇಳಿಸಿದ ಕೈಯೇ ಬಿಗಿ ಏರಿಸಬೇಕು, ಅವನು ಕಾಣುವಂತೆ. ನನಗೆ ಬರುತ್ತದೋ ಇಲ್ಲವೋ ಎಂಬುದು ಬೇರೆ.

ತಿಕೋಟಾಕ್ಕೆ ಹೋದೆ. ಗುಲಶನ ಬಾಗಿಲಲ್ಲಿ. "ಮತ್ತ ಬಂದ್ರಿ?"

"ತಬಲಾ ಎಲ್ಲೈತಿ?"

"ಒಯ್ಯಾಕ ಬಂದೀರೇನು?"

"ಅಲ್ಲ. ಬಿಗ್ಯಾಕ."

ಗುಲಶನ ಪಕ್ಕಕ್ಕೆ ಸರಿದಳು.

ಗಂಟು ಬಾಗಿಲ ಹಿಂದೆ ಹಾಗೆಯೇ ಇತ್ತು, ಬಿಚ್ಚಿರಲಿಲ್ಲ. ಮಲ್ಲಿಗೆ ಒಣಗಿ ಕಂದಿಹೋಗಿತ್ತು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಬೆನ್ನು ಎಷ್ಟು ಸಣ್ಣದಾಗಿದೆ! ಮಂಚದ ಕಾಲಿನ ಬಳಿ ನೆಲದ ಮೇಲೆ ಕುಳಿತು ಬಟ್ಟೆ ಬಿಚ್ಚಿದೆ. ಸುತ್ತಿಗೆ ತೆಗೆದೆ. ಗುಟ್ಟಿಯ ಮೇಲೆ ಹೊಡೆದೆ.

ಅದು ಕೆಳಗಿಳಿಯುವುದರ ಬದಲು ಹೊರಗೆ ಹಾರಿತು. ಹುಡುಕಿ ತಂದು ಮತ್ತೆ ಸಿಕ್ಕಿಸಿದೆ. ಮತ್ತೆ ಹೊಡೆದೆ. ಹೆಬ್ಬೆರಳಿಗೆ ಬಿತ್ತು. "ಅಯ್ಯಪ್ಪಾ!" ಎಂದು ಬಾಯಿಂದ ಬಂದೇಬಿಟ್ಟಿತು. ಒಂದು ಕಡೆ ಬಿಗಿದರೆ ಎದುರಿನ ಕಡೆ ಸಡಿಲ, ಅಲ್ಲಿ ಬಿಗಿದರೆ ಇಲ್ಲಿ. ತಟ್ಟಿ ನೋಡಿದೆ. ಒದ್ದೆ ಗೋಣಿಚೀಲದ ಸದ್ದು. ಬೆವರು ಕಣ್ಣಿಗಿಳಿಯಿತು. ಬಿಡಲಿಲ್ಲ. ಹೊಡೆಯುತ್ತಲೇ ಇದ್ದೆ.

ತಲೆಯೆತ್ತಿ ನೋಡಿದರೆ ಅವನ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾನೆಂದು ಕೈ ತಡೆಯಿತು. ಕೊರಳ ಬಟ್ಟೆಯ ಕೆಳಗಿನಿಂದ ಸಣ್ಣ ಸಿಳ್ಳು, ಬಿಟ್ಟು ಬಿಟ್ಟು. ಉಬ್ಬಸವೆಂದು ಹೆದರಿ ಎದ್ದೆ. ಗುಲಶನ ನನ್ನ ತೋಳು ಹಿಡಿದಳು.

"ಕುಂದರ್ರಿ. ನಗಾಕತ್ತಾರ."

ದನಿಯಿಲ್ಲದವನೂ ನಗಬಲ್ಲನೆಂದು ನಾನು ತಿಳಿದಿರಲಿಲ್ಲ.

ಹೊರಳಿದ. ಸ್ಲೇಟಿಗೆ ಕೈ ಚಾಚಿದ. ಬರೆದು ನನ್ನ ಮುಖಕ್ಕೆ ಹಿಡಿದ.

ಬಿಗ್ಯಾಕತ್ತೀರೋ, ಬದನಿಕಾಯಿ ಜಜ್ಜಾಕತ್ತೀರೋ?

"ಬಿಗ್ಯಾಕತ್ತೇನಿ" ಎಂದೆ. "ಬಿಸಿಲಿಗೆ ಸಿಡೀಬಾರದಂತ ಇಳಿಸಿದ್ದೆ. ನಿಮ್ಮ ರೂಢಿ ನನಗ ಗೊತ್ತಿರಲಿಲ್ಲ ಸೈಫೂ. ನಿನ್ನ ಚಾಪಿ ಇನ್ನಾ ಅಲ್ಲೇ ಐತಿ."

ಸ್ಲೇಟು ಒರೆಸಿದ. ಮತ್ತೆ ಬರೆದ.

ದನಿ ಇಲ್ಲ. ಬಂದ ಏನ್ ಮಾಡ್ಲಿ? ಅಯ್ಯಾರ ಪಲ್ಲ ನೆಲಕ್ಕ ಬೀಳತೈತಿ.

ಇದೇ ಇದ್ದದ್ದು, ಮಾಘದಿಂದ. ನನ್ನನ್ನು ನೋಡಲಾರದೆ ಗೋಡೆಗೆ ತಿರುಗಿದ್ದು ಇದಕ್ಕೆ. ನಾನಿಟ್ಟದ್ದು ತನ್ನ ಮುಂದೆ ನೆಲಕ್ಕೆ ಬೀಳುವುದನ್ನು ಕಾಣಲಾರದೆ.

ಸುಮ್ಮನೆ ಮತ್ತೊಂದು ಗುಟ್ಟಿಗೆ ಹೊಡೆದೆ. ಓರೆಯಾಗಿ ಬಿತ್ತು. ಅವನು ಎದ್ದು ಕುಳಿತ. ನನ್ನ ಕೈಯಿಂದ ಸುತ್ತಿಗೆಯನ್ನು ಕಿತ್ತುಕೊಂಡ. ಕಣ್ಣಲ್ಲಿ ಹಳೆಯ ಬೈಗುಳ.

ನೀರು ಎಂದು ಕೈಸನ್ನೆ ಮಾಡಿದ. ಕುಡಿಯಲೆಂದು ತರನ್ನುಮ ಲೋಟ ತಂದಳು. ತಲೆಯಾಡಿಸಿದ. ಗುಲಶನಳಿಗೆ ತಿಳಿಯಿತು. ತಂಬಿಗೆ ಮತ್ತು ತಟ್ಟೆ ತಂದು ಮಂಚದ ಬಳಿ ಹಿಡಿದಳು. ಕೈ ತೊಳೆದ. ಮುಖ, ಪಾದ. ಒರೆಸಿಕೊಂಡ.

ಆಮೇಲೆ ಬಿಗಿದ. ಅಲ್ಲೊಂದು, ಎದುರಿಗೊಂದು, ಬೆರಳಿಂದ ಕೇಳಿ ಕೇಳಿ. ನಡುನಡುವೆ ದಣಿದು ನಿಲ್ಲುತ್ತಿದ್ದ. ಹುಬ್ಬೆತ್ತಿ ನನ್ನ ಕಡೆ ನೋಡಿದ, ಶ್ರುತಿ ಕೊಡೆಂದು. ಗುನುಗಿದೆ. ಅಲ್ಲಿಗೆ ತಂದು ನಿಲ್ಲಿಸಿದ.

ಪಲ್ಲ ಇಟ್ಟೆ. ಸುಮ್ಮನಾದೆ.

ಮೌನ. ಅದು ಎಷ್ಟು ಹೊತ್ತಿನದೆಂದು ನನಗೂ ಗೊತ್ತು, ಅವನಿಗೂ ಗೊತ್ತು.

ಬಂತು. ಅದು ತಾಳಕ್ಕೆ ಬಾರಿಸುವ ಠೇಕಾ ಅಲ್ಲ. ಅವನು ತಾಳ ಹಿಡಿಯಲಿಲ್ಲ. ಅಕ್ಷರ ಅಕ್ಷರವಾಗಿ ಪಲ್ಲವನ್ನೇ ಬಾರಿಸಿದ. ಎಣ್ಣೆ ಎಂಬಲ್ಲಿ ತಬಲಾದ ಅಂಚು. ನಿನ್ನದು ಎಂಬಲ್ಲಿ ಮೂರು ಮೆಲುಪೆಟ್ಟು. ಗುರುವೇ ಎಂಬಲ್ಲಿ ಡಗ್ಗಾದ ಮೇಲೆ ಮಣಿಕಟ್ಟು ಒತ್ತಿ ಎಳೆದ. ದನಿ ಜಾರುವ ಹಾಗೆಯೇ ಜಾರಿತು. ಪ್ರತಿ ಪೆಟ್ಟಿನ ಮೇಲೂ ಕೈ ಏಳುವಾಗ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತಿತ್ತು. ಗುರುಗಳು ಹೇಳಿದ ಜಪವನ್ನು ಕಣ್ಣಾರೆ ಕಂಡೆ.

ಅಲ್ಲಿಗೇ ಕೈ ಸೋತು ಡಗ್ಗಾದ ಮೇಲೆ ಬಿತ್ತು. ಬತ್ತಿ ನನ್ನದು ಎಂಬುದು ಬರಲಿಲ್ಲ. ಅವನು ಮುಖ ತಿರುಗಿಸಹೊರಟ.

ಗುಲಶನ ಬಟ್ಟಲು ಹಿಡಿದು ಅಡ್ಡ ನಿಂತಳು. "ಅರ್ಧಾ ಅಂದೀರಿ. ಉಳಿದ ಅರ್ಧಾ ಗಂಜಿ ಕುಡದ ಮ್ಯಾಲ."

ಕುಡಿದ.

ನಾನು ಬಸ್ಸಿನಲ್ಲಿ ಮರಳುವಾಗ ಅತ್ತೆ. ಜನ ನೋಡಿದರು. ಅವನು ಉಳಿದದ್ದಕ್ಕೆ ಅತ್ತದ್ದಲ್ಲ. ಆ ಒರಟು, ಮೂಗಿನ ದನಿ ಇನ್ನಿಲ್ಲ. ಕಾದರೆ ಬಂದೀತೆಂದು ಇಷ್ಟು ಸೋಮವಾರ ಮೌನವಾಗಿ ಜಾಗ ಬಿಟ್ಟು ಕುಳಿತವನು, ಅದಕ್ಕಾಗಿ ಅಳುವುದನ್ನು ಮುಂದೂಡಿದ್ದೆ. ಪೆಟ್ಟು ಬಂದ ಮೇಲೆಯೇ ದನಿ ಹೋದದ್ದು ನಿಜವಾಯಿತು.

೯ ಮೇ

ತರನ್ನುಮ ಫೋನ್ ಮಾಡಿದಳು, ತಾನಾಗಿಯೇ. "ಗುಳಿಗಿ ತಗೊಳ್ಳಾಕತ್ತಾರ್ರಿ. ನಿನ್ನಿ ಅಂಬಲಿ, ಇವತ್ತ ನುಚ್ಚು. ಹುಣ್ಣಿಮಿಗೆ ಗದ್ದಿಗಿಗೆ ಹೋಗೂದೇನು ಅಂತ ಸ್ಲೇಟ್ ಮ್ಯಾಲ ಬರದಾರ. ಅತ್ತಿ ಬ್ಯಾಡ ಅಂದ್ರ ಆಕಿ ಮ್ಯಾಲ ಸೀಮೆಸುಣ್ಣ ಒಗದ್ರು."

ಬಬಲೇಶ್ವರದ ಕಡೆ, ಸಾರವಾಡದ ಹೊಲವೊಂದರಲ್ಲಿ ನಮ್ಮ ಗುರುಗಳ ಗದ್ದುಗೆ. ವೈಶಾಖ ಹುಣ್ಣಿಮೆ ಅವರ ಸ್ಮರಣೆಯ ದಿನ. ಸಂಗುವಿಗೆ ಹೇಳಿದೆ. "ಟೆಂಪೊದಾಗ ಗಾದಿ ಹಾಸತೀನ್ರಿ, ಸೈಫಜ್ಜಗ ಕುಲಕಾಡದಂಗ ಒಯ್ತೀನಿ" ಎಂದ.

೧೨ ಮೇ, ವೈಶಾಖ ಪೌರ್ಣಿಮೆ, ಸೋಮವಾರ. ಸಾರವಾಡ, ಗದ್ದುಗೆಯ ಬಳಿ ಬೇವಿನ ನೆರಳು. ಇಳಿಹೊತ್ತು

ಎಲ್ಲರೂ ಬಂದಿದ್ದಾರೆ. ಎಲ್ಲರೂ ಎಂದರೆ ಬ್ರಹ್ಮಾಂಡವಲ್ಲ, ಒಂದು ಟೆಂಪೊದಷ್ಟು ಜನ. ಮುದುಕವ್ವ ಗದ್ದುಗೆಗೆ ನೀರು ಹಾಕುತ್ತಿದ್ದಾಳೆ. ಗುಲಶನ ಮತ್ತು ತರನ್ನುಮ ಬುತ್ತಿ ಬಿಚ್ಚುತ್ತಿದ್ದಾರೆ. ಅವನು ಗಾದಿಯ ಮೇಲೆ ಕಣ್ಣು ಮುಚ್ಚಿ ಒರಗಿದ್ದಾನೆ. ತೀರ ದಣಿದಿದ್ದಾನೆ. ಪೂರ್ತಿ ಪಲ್ಲ ಇವತ್ತೂ ಬರುತ್ತದೋ ಇಲ್ಲವೋ ಯಾರೂ ಹೇಳಲಾರರು. ಅರ್ಧ ಬಂದರೂ ಸರಿ. ಉಳಿದರ್ಧ ಹೊತ್ತು ನಾನು ಸುಮ್ಮನಿರಬಲ್ಲೆ. ಅದು ನನಗೆ ಈಗ ಅಭ್ಯಾಸವಾಗಿದೆ.

ಹತ್ತಿರ ಕುಳಿತಿದ್ದೇವೆ, ಕೈಯಳತೆಯಲ್ಲಿ. ಆದರೂ ಅವನು ತನ್ನ ನಿಶ್ಶಬ್ದದೊಳಗೆ, ನಾನು ನನ್ನದರೊಳಗೆ. ಇದನ್ನು ಯಾವ ತಾಳವೂ ಪೂರ್ತಿಯಾಗಿ ದಾಟಿಸದು. ದಾಟಿಸುವುದು ಎಷ್ಟೋ ಅಷ್ಟು ಸಾಕೆಂದು ಗುರುವಿನ ಸನ್ನಿಧಿಯಲ್ಲಿ ಬೇಡಿಕೊಂಡೆ.

ಹೊಲದ ಮೇಲಿನಿಂದ ಗಾಳಿ ಬಂತು. ಅವನು ಎದ್ದು ಕುಳಿತ. ಗುಲಶನ ತಂಬಿಗೆ ಒಯ್ಯುತ್ತಿದ್ದಾಳೆ. ಇನ್ನು ಬರೆಯುವುದಕ್ಕೆ ಸಮಯವಿಲ್ಲ, ಆಶೀರ್ವಚನ ಬರೆದು ಏಳುತ್ತೇನೆ.

ನೀರು ಹಾಕಿದ ಕೈಗೆ, ಬುತ್ತಿ ಕಟ್ಟಿದ ಕೈಗೆ ಕ್ಷೇಮವಾಗಲಿ. ಗಾದಿ ಹಾಸಿ ಕುಲುಕದೆ ಕರೆತಂದವನ ದಾರಿ ಸುಗಮವಾಗಲಿ. ಬಾಗಿಲನ್ನು ಮೆಲ್ಲಗೆ ಹಾಕಿ, ಮತ್ತೆ ಮೆಲ್ಲಗೆ ತೆರೆದವಳ ಬಾಳು ತಂಪಾಗಿರಲಿ. ತಿಕೋಟಾದ ಉಸ್ತಾದರ ಮಣ್ಣಿಗೂ ನಮ್ಮ ಗುರುಗಳ ಮಣ್ಣಿಗೂ ಶರಣು. ಪಲ್ಲ ಇಟ್ಟು ಒಬ್ಬರೇ ಕುಳಿತವರು ಯಾವ ಊರಲ್ಲಿದ್ದರೂ, ಎತ್ತಿಕೊಳ್ಳುವ ಒಂದು ಕೈ ಅವರಿಗೆ ದೊರೆಯಲಿ. ಎತ್ತಿಕೊಳ್ಳಲಾರದವರಿಗೆ ಇಟ್ಟವರ ತಾಳ್ಮೆ ದೊರೆಯಲಿ. ಸೈಫುದ್ದೀನನ ಉಸಿರಿಗೆ ಆಯುಷ್ಯ, ಅವನ ಕೈಗೆ ಬಲ, ಸಕಲ ಜೀವರಿಗೂ— ಅಗೋ, ಅವನ ಕೈ ತೊಳೆದಾಯಿತು. ಏಳುತ್ತೇನೆ.